ಹೊಸ್ತಿಲು ಮತ್ತು ಹೆದ್ದಾರಿ: ಚಿಕ್ಕೋಡಿ ಸೀಮೆಯಲ್ಲಿ ರಸ್ತೆ ಬದಲಾವಣೆ, ಆಸ್ತಿಹಾನಿ ಹಾಗೂ ಸ್ಥಳೀಯ ಸಂಸ್ಥೆಗಳ ಹೊಣೆ

ಕರ್ನಾಟಕದ ವಾಯವ್ಯ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕೃಷ್ಣಾ ನದಿ ಹಾಗೂ ಅದರ ಬಳಗದ ದೂಧಗಂಗಾ, ವೇದಗಂಗಾ ನದಿಗಳ ಆಸರೆಯಲ್ಲಿ ಬೆಳೆದ ಪ್ರದೇಶಗಳು. ನಿಪ್ಪಾಣಿ ಮತ್ತು ಕಾಗವಾಡಗಳು 2017–18ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಅದಕ್ಕೂ ಮೊದಲು ಕ್ರಮವಾಗಿ ಚಿಕ್ಕೋಡಿ ಮತ್ತು ಅಥಣಿ ತಾಲ್ಲೂಕುಗಳ ಭಾಗಗಳಾಗಿದ್ದವು. ಈ ಸೀಮೆಯ ಇತಿಹಾಸವನ್ನು ಬರೆದ ವಿದ್ವಾಂಸರು ಇಲ್ಲಿನ ಶಾಸನ, ಬಸದಿ, ಮಠ, ಕೋಟೆ, ದೇಸಗತಿಗಳನ್ನು ಕುರಿತು ಸಾಕಷ್ಟು ಶ್ರಮವಹಿಸಿದ್ದಾರೆ. ಆದರೆ ಊರೂರನ್ನು ಬೆಸೆದ ದಾರಿಗಳ ಇತಿಹಾಸಕ್ಕೆ ಅಷ್ಟು ಗಮನ ದೊರೆತಿಲ್ಲ. ಅದರಲ್ಲಿಯೂ ದಾರಿ ಬದಲಾದಾಗ ಅದರ ಬದಿಯಲ್ಲಿದ್ದ ಮನೆ, ಹೊಲ, ಅಂಗಡಿಗಳಿಗೆ ಏನಾಯಿತು, ಆದ ಹಾನಿಯನ್ನು ತುಂಬಿಕೊಡುವ ಹೊಣೆ ಯಾರದೆಂದು ಆಯಾ ಕಾಲದವರು ತಿಳಿದರು ಎಂಬ ಪ್ರಶ್ನೆ ಇತಿಹಾಸದ ಚರ್ಚೆಯೊಳಗೆ ಬಂದಿರುವುದು ವಿರಳ.

ರಸ್ತೆ ಬದಲಾವಣೆಯಿಂದ ಆಗುವ ಹಾನಿಯನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಜಾಗ ಹೋಗುವ ಹಾನಿ. ರಸ್ತೆಯನ್ನು ಅಗಲಗೊಳಿಸುವಾಗ ಮನೆಯ ಮುಂಭಾಗವನ್ನೋ ಹೊಲದ ಪಟ್ಟಿಯನ್ನೋ ತೆಗೆದುಕೊಳ್ಳುವುದು ಈ ಬಗೆಗೆ ಸೇರುತ್ತದೆ. ಎರಡನೆಯದು ಜಾಗ ಉಳಿದರೂ ಆಸ್ತಿ ಕೆಡುವ ಹಾನಿ. ಪದರದ ಮೇಲೆ ಪದರ ಡಾಂಬರು ಬಿದ್ದು ರಸ್ತೆ ಏರುತ್ತದೆ, ಮನೆ ಇದ್ದಲ್ಲಿಯೇ ತಗ್ಗಿಗೆ ಬೀಳುತ್ತದೆ. ಮಳೆಯ ನೀರು ಹೊಸ್ತಿಲು ದಾಟಿ ಪಡಸಾಲೆಗೆ ಬರುತ್ತದೆ. ಏರನ್ನು ಕಡಿದು ರಸ್ತೆ ತಗ್ಗಿಸಿದರೆ ತಳಪಾಯ ಬರಿದಾಗುತ್ತದೆ. ಹೊಲದ ನಡುವೆ ಏರಿ ಹಾಕಿ ನೀರುಗಂಡಿ ಬಿಡದಿದ್ದರೆ ಬೆಳೆ ನಿಂತಲ್ಲಿಯೇ ಕೊಳೆಯುತ್ತದೆ. ಇಂತಹ ಸಂದರ್ಭಗಳಲ್ಲಿ ಒಂದು ಅಂಗುಲ ನೆಲವನ್ನೂ ಯಾರೂ ತೆಗೆದುಕೊಂಡಿರುವುದಿಲ್ಲ. ಮೊದಲ ಬಗೆಯ ಹಾನಿಗೆ ಬೆಲೆ ಕಟ್ಟುವ ಪದ್ಧತಿ ಕಳೆದ ಒಂದೂವರೆ ಶತಮಾನದಲ್ಲಿ ಕ್ರಮೇಣ ನೆಲೆಗೊಂಡಿತು. ಎರಡನೆಯದು ಬಹುಮಟ್ಟಿಗೆ ಕಾನೂನಿನ ಅಂಚಿನಲ್ಲಿಯೇ ಉಳಿಯಿತು. ಈ ಅಂತರ ಹೇಗೆ ಉಂಟಾಯಿತು ಮತ್ತು ಅದರ ಭಾರ ಯಾರ ಮೇಲೆ ಬಿದ್ದಿತು ಎಂಬುದನ್ನು ಮೇಲಿನ ಐದು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಬೀದಿ, ಓಣಿ, ಅಗಸಿ: ಜನಪದರ ಕಲ್ಪನೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದಾರಿಗೆ ಹಲವು ಹೆಸರುಗಳಿವೆ. ಹೊಲಕ್ಕೆ ಹೋಗುವುದು ಹಾದಿ, ಗಾಡಿ ಹೋಗುವುದು ಬಂಡಿದಾರಿ, ಮನೆಗಳ ನಡುವಿನದು ಓಣಿ, ತೇರು ಎಳೆಯುವುದು ತೇರಿನ ಬೀದಿ, ಊರೊಳಗೆ ಪ್ರವೇಶಿಸುವ ಬಾಗಿಲು ಅಗಸಿ. ಶಾಸನಗಳ ಎಲ್ಲೆವಿವರಗಳಲ್ಲಿ ಬರುವ ‘ಪೆರ್ದಾರಿ’ಯೇ ಇಂದಿನ ಹೆದ್ದಾರಿ. ಈ ಹೆಸರುಗಳು ಆಯಾ ದಾರಿಯ ಬಳಕೆಯನ್ನೂ ಅಗಲವನ್ನೂ ಸೂಚಿಸುತ್ತವೆ. ತೇರಿನ ಬೀದಿಯ ಅಗಲವನ್ನು ತೇರಿನ ಅಚ್ಚು ನಿರ್ಧರಿಸುತ್ತದೆ. ಆ ಬೀದಿಯಲ್ಲಿ ಮನೆ ಕಟ್ಟುವವನು ಯಾರೂ ಹೇಳದೆಯೇ ಗಾಲಿಗೆ ಎಡೆಬಿಟ್ಟು ಕಟ್ಟುತ್ತಾನೆ. ಕಾರಹುಣ್ಣಿಮೆಯ ದಿನ ಕರಿ ಹರಿಯಲು ಎತ್ತುಗಳು ಅಗಸಿಯ ಕಡೆಗೆ ಓಡುವ ದಾರಿಯೂ ಹಾಗೆಯೇ ಬಿಡುವಾಗಿರಬೇಕು. ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯಗಳಿಂದ ಎತ್ತಿನ ಗಾಡಿಗಳು ಬರುವ ಪರಂಪರೆಯಲ್ಲಿ ಗಾಡಿದಾರಿಯ ಇದೇ ಎಚ್ಚರವಿದೆ. ಪೌರಸಂಸ್ಥೆಯ ಕಾಯ್ದೆಗಳು ಮುಂದೆ ‘ಬೀದಿಯ ಕ್ರಮಬದ್ಧ ರೇಖೆ’ ಎಂದು ಕರೆದುದನ್ನು ರೂಢಿಯು ತನ್ನದೇ ರೀತಿಯಲ್ಲಿ ಮೊದಲೇ ಪಾಲಿಸುತ್ತಿತ್ತು.

ಇದಕ್ಕೆ ಪ್ರತಿಯಾಗಿ ಮನೆಯೂ ಬೀದಿಯೊಳಗೆ ಸ್ವಲ್ಪ ಚಾಚಿಕೊಂಡಿರುತ್ತದೆ. ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟ ಹೆಣ್ಣುಮಗಳು ಹೊಸ್ತಿಲಾಚೆಯ ನೆಲಕ್ಕೂ ನೀರು ಚಿಮುಕಿಸಿ, ಸಾರಿಸಿ, ರಂಗೋಲಿ ಹಾಕುತ್ತಾಳೆ. ಮನೆಮುಂದಿನ ಕಟ್ಟೆ ಮನೆಯವರಿಗೂ ಸೇರಿದ್ದು, ಹಾದಿಹೋಕರಿಗೂ ಸೇರಿದ್ದು. ಜೋಳ ಬೆಳೆಯುವ ಬಯಲುಸೀಮೆಯಲ್ಲಿ ಮನೆಯ ಅಂಗಳದಲ್ಲಿಯೋ ಊರಿನ ಎತ್ತರದ ಜಾಗದಲ್ಲಿಯೋ ನೆಲದೊಳಗೆ ಹಗೇವು ತೋಡಿ ಕಾಳು ತುಂಬಿಡುವ ವಾಡಿಕೆಯಿತ್ತು. ನೀರಿನ ಹರಿವು ಬದಲಾಗಿ ಪಸೆ ಇಳಿದರೆ ವರ್ಷದ ಕಾಳು ಕೆಟ್ಟಂತೆಯೇ. ಮಣ್ಣಿನ ಗೋಡೆ, ಮೇಲ್ಮುದ್ದೆಯ ಮನೆಗಳಿಗೂ ತಳದ ತೇವವೇ ದೊಡ್ಡ ಶತ್ರು. ಹೀಗಾಗಿ ನೆಲಮಟ್ಟ ಮತ್ತು ನೀರಿನ ದಾರಿ ಈ ಮನೆಗಳ ಆಯುಸ್ಸಿಗೆ ಸಂಬಂಧಿಸಿದ ಸಂಗತಿಗಳು. ಆದರೆ ದಾಖಲೆಯ ಕಣ್ಣಿಗೆ ಕಟ್ಟೆಯೂ ಅಂಗಳವೂ ಕಾಣುವುದು ಸಾರ್ವಜನಿಕ ಜಾಗದ ಒತ್ತುವರಿಯಾಗಿ. ರೂಢಿಯಲ್ಲಿ ಮನೆಯ ಅಂಗವಾದದ್ದು ಕಡತದಲ್ಲಿ ತಪ್ಪಾಗಿ ತೋರುವ ಈ ಭೇದವೇ ಮುಂದಿನ ಅನೇಕ ವ್ಯಾಜ್ಯಗಳ ಮೂಲ.

ಊರಹಿತದ ಕೆಲಸಕ್ಕೆ ಒಂದು ಮನೆ ತೆರಬೇಕಾದ ಬೆಲೆಯನ್ನು ಕುರಿತು ಕನ್ನಡ ಜನಪದರು ಮೌನವಾಗಿರಲಿಲ್ಲ. ‘ಕೆರೆಗೆ ಹಾರ’ ಎಂಬ ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಬಲಿಯಾಗುವವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಅವಳ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಕೆರೆ ತುಂಬುತ್ತದೆ. ದಂಡಿನಿಂದ ಮರಳಿದ ಗಂಡ ಅದೇ ಕೆರೆಗೆ ಹಾರುವುದರೊಂದಿಗೆ ಕಥೆ ಮುಗಿಯುತ್ತದೆ. ಇದನ್ನು ತ್ಯಾಗದ ಹೊಗಳಿಕೆಯೆಂದು ಮಾತ್ರ ಓದಿದರೆ ಸಾಲದು. ಸಾರ್ವಜನಿಕ ಕಾಮಗಾರಿಯ ಭಾರ ಮಾತಿನ ಬಲ ಕಡಿಮೆಯಿದ್ದವರ ಮೇಲೆ ಬೀಳುತ್ತದೆಂಬ ತಿಳಿವಳಿಕೆ ಅದರ ಒಡಲಿನಲ್ಲಿದೆ. ಊರಿಗಾಗಿ ಹೋರಾಡಿ ಮಡಿದವನ ಮನೆತನಕ್ಕೆ ಭೂಮಿ ಬಿಟ್ಟುಕೊಟ್ಟ ‘ನೆತ್ತರುಗೊಡಗೆ’ಯ ಶಾಸನಗಳು ಇದೇ ಪ್ರಶ್ನೆಗೆ ಇನ್ನೊಂದು ಉತ್ತರವನ್ನು ಕೊಡುತ್ತವೆ. ಊರಿಗೆ ಆದ ಲಾಭಕ್ಕೆ ಒಂದು ಮನೆ ನಷ್ಟಪಟ್ಟರೆ ಊರು ಅದನ್ನು ತುಂಬಬೇಕು ಎಂಬುದು ಆ ಉತ್ತರದ ಸಾರ.

ಮಿತಾಕ್ಷರೆಯ ನ್ಯಾಯ: ಅಲ್ಪಬಾಧೆ ಮತ್ತು ಬಹುಹಿತ

ಶಾಸ್ತ್ರಗ್ರಂಥಗಳಲ್ಲಿ ಈ ವಿಷಯಕ್ಕೆ ನೇರವಾಗಿ ತಗಲುವ ವಿಚಾರ ಯಾಜ್ಞವಲ್ಕ್ಯ ಸ್ಮೃತಿಯ ಸೀಮಾವಿವಾದ ಪ್ರಕರಣದಲ್ಲಿ ದೊರೆಯುತ್ತದೆ. ಇದಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಚಿಕ್ಕೋಡಿ ಸೀಮೆಯಲ್ಲಿ ಆಳಿದ ಸವದತ್ತಿಯ ರಟ್ಟರೂ ಕೊಲ್ಲಾಪುರದ ಶಿಲಾಹಾರರೂ ಚಾಲುಕ್ಯರ ಮಾಂಡಲಿಕರಾಗಿದ್ದವರು. ಆದ್ದರಿಂದ ಈ ಗ್ರಂಥವನ್ನು ಇಲ್ಲಿನ ನ್ಯಾಯಪರಂಪರೆಯ ನೆರೆಯಲ್ಲಿಯೇ ಹುಟ್ಟಿದುದೆಂದು ಭಾವಿಸಬಹುದು.

ಪರರ ಭೂಮಿಯಲ್ಲಿ ಕಟ್ಟಿದ ಒಡ್ಡು ಸ್ವಲ್ಪ ಬಾಧೆ ಕೊಟ್ಟು ಹೆಚ್ಚು ಹಿತವನ್ನುಂಟುಮಾಡುವುದಾದರೆ ಅದನ್ನು ತಡೆಯಬಾರದು ಎಂಬುದು ಸ್ಮೃತಿಯ ಮೊದಲ ನಿಯಮ. ಕಡಿಮೆ ನೆಲ ಹಿಡಿದು ಬಹಳ ನೀರು ಕೊಡುವ ಬಾವಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಇದರ ಬೆನ್ನಿಗೇ ಎರಡನೆಯ ನಿಯಮ ಬರುತ್ತದೆ. ಹೊಲದ ಒಡೆಯನಿಗೆ ತಿಳಿಸದೆ ಒಡ್ಡು ಕಟ್ಟಿದರೆ ಅದರ ಫಲ ಕಟ್ಟಿದವನಿಗೆ ಸಲ್ಲದು, ಒಡೆಯನಿಗೆ ಸಲ್ಲುತ್ತದೆ. ಒಡೆಯನಿಲ್ಲದಿದ್ದರೆ ಅರಸನಿಗೆ ಸಲ್ಲುತ್ತದೆ. ಈ ಎರಡು ನಿಯಮಗಳನ್ನು ಜೊತೆಯಾಗಿಯೇ ಓದಬೇಕು. ಸಾರ್ವಜನಿಕ ಹಿತಕ್ಕೆ ಮನ್ನಣೆಯುಂಟು, ಆದರೆ ಬಾಧೆ ಅಲ್ಪವೋ ಅಧಿಕವೋ ಎಂದು ತೂಗಬೇಕು, ಬಾಧೆಗೊಳಗಾಗುವವನಿಗೆ ಮೊದಲು ತಿಳಿಸಬೇಕು. ನೆಲವನ್ನು ತೆಗೆದುಕೊಂಡರೋ ಇಲ್ಲವೋ ಎಂಬುದಕ್ಕಿಂತ ಬಾಧೆಯ ಪ್ರಮಾಣವೇ ಇಲ್ಲಿ ಅಳತೆಗೋಲಾಗಿರುವುದು ಗಮನಾರ್ಹ. ಒಡ್ಡು, ಬಾವಿಗಳನ್ನು ಕುರಿತ ಈ ಮಾತನ್ನು ಇಂದಿನ ರಸ್ತೆಗೆ ಯಥಾವತ್ತಾಗಿ ಹೊಂದಿಸುವುದು ಸರಿಯಲ್ಲ. ಆದರೂ ಮುಂದೆ ಬಂದ ಕಾನೂನು ಯಾವುದನ್ನು ಬಿಟ್ಟುಕೊಟ್ಟಿತು ಎಂಬುದನ್ನು ಅರಿಯಲು ಇದು ನೆರವಾಗುತ್ತದೆ.

ಮುಂಬಯಿ ಆಡಳಿತದ ಕಾಲ

ಐದು ತಾಲ್ಲೂಕುಗಳ ಪ್ರದೇಶ ಒಂದೇ ಕಾಲಕ್ಕೆ ಬ್ರಿಟಿಷರ ವಶಕ್ಕೆ ಬರಲಿಲ್ಲ. ಸಿದ್ದೋಜಿರಾವ್ ನಿಂಬಾಳಕರನ ನಿಪ್ಪಾಣಿ ಸಂಸ್ಥಾನ 1839ರಲ್ಲಿ ಅವರ ಕೈಸೇರಿತು. ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿಯೇ ಮುಂದುವರಿದು, ಆ ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಮೇಲೆ ಬೆಳಗಾವಿ ಜಿಲ್ಲೆಗೆ ಸೇರಿತು. ಹೀಗಾಗಿ ಒಂದು ಗಾಡಿದಾರಿ ಕೆಲವೇ ಹರದಾರಿಗಳಲ್ಲಿ ಎರಡು ಆಡಳಿತಗಳನ್ನು ಹಾಯುತ್ತಿತ್ತು. ದಾರಿಯ ಬದಿಯ ರೈತನ ದೂರನ್ನು ಕೇಳುವ ಕಚೇರಿಯೂ, ಆ ಕಚೇರಿಯ ಲಿಪಿ ಮತ್ತು ಭಾಷೆಯೂ ಊರಿಂದ ಊರಿಗೆ ಬದಲಾಗುತ್ತಿದ್ದವು.

ಪಟ್ಟಣಗಳಲ್ಲಿ ಪೌರಾಡಳಿತಕ್ಕೆ ಅವಕಾಶ ಕಲ್ಪಿಸಿದ್ದು 1850ರ 26ನೆಯ ಕಾಯ್ದೆ. ಅದರ ಅಡಿಯಲ್ಲಿ ಬೆಳಗಾವಿಯಲ್ಲಿ 1851ರಲ್ಲಿ, ಅಥಣಿಯಲ್ಲಿ 1853ರಲ್ಲಿ, ನಿಪ್ಪಾಣಿಯಲ್ಲಿ 1854ರಲ್ಲಿ ಪೌರಸಂಸ್ಥೆಗಳು ಸ್ಥಾಪನೆಗೊಂಡವು. ಹತ್ತಿಯ ಹಾಗೂ ತಂಬಾಕಿನ ವ್ಯಾಪಾರದ ಪೇಟೆಗಳು ಇಷ್ಟು ಬೇಗ ಬೀದಿ, ಚರಂಡಿ, ದೀಪಗಳ ಹೊಣೆಯನ್ನು ಹೊತ್ತದ್ದು ಗಮನಿಸತಕ್ಕ ಸಂಗತಿ. ಹಳ್ಳಿಗಳ ರಸ್ತೆಗೆ ಹಣ ಬಂದದ್ದು ಸ್ಥಳೀಯ ನಿಧಿಯಿಂದ. 1860ರ ದಶಕದಲ್ಲಿ ಮುಂಬಯಿ ಪ್ರಾಂತದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯ ಹೆಚ್ಚುವರಿ ಪಟ್ಟಿಯನ್ನು ವಿಧಿಸಲಾಯಿತು. ಅದರ ಮೂರರಲ್ಲಿ ಎರಡು ಪಾಲು ರಸ್ತೆಗೆ, ಉಳಿದದ್ದು ಶಾಲೆಗೆ ಮೀಸಲಾಗಿತ್ತು. ಯಾರ ಹೊಲವನ್ನು ರಸ್ತೆ ಸೀಳಿತೋ ಆ ರೈತನೂ ರಸ್ತೆಯ ವೆಚ್ಚದ ಪಾಲುದಾರನಾಗಿದ್ದನು.

1880ರ ದಶಕದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯ ಪುಣೆ–ಲೋಂಡಾ ಮಾರ್ಗ ಈ ಭಾಗವನ್ನು ಹಾಯ್ದುಹೋಯಿತು. ಶೇಡಬಾಳ, ಉಗಾರ, ಕುಡಚಿ, ರಾಯಬಾಗ ನಿಲ್ದಾಣಗಳಾದವು. ಚಿಕ್ಕೋಡಿ ಪಟ್ಟಣಕ್ಕೆ ದಕ್ಕಿದ್ದು ದೂರದ ‘ಚಿಕ್ಕೋಡಿ ರೋಡ್’ ನಿಲ್ದಾಣ. ಅಥಣಿ ಮತ್ತು ನಿಪ್ಪಾಣಿಗಳು ಹಳಿಯಿಂದ ಹೊರಗೇ ಉಳಿದವು. ಈ ಪಟ್ಟಣಗಳ ವ್ಯಾಪಾರಕ್ಕೆ ರಸ್ತೆಯೇ ಏಕೈಕ ಆಸರೆಯಾಯಿತು. ಆದುದರಿಂದ ರಸ್ತೆಯ ಅಗಲ, ಎತ್ತರ, ತಿರುವುಗಳ ಬದಲಾವಣೆ ಇಲ್ಲಿ ಹೆಚ್ಚು ಜನರ ಬದುಕನ್ನು ಮುಟ್ಟುವಂತಾಯಿತು.

1901ರ ಮುಂಬಯಿ ಜಿಲ್ಲಾ ಪೌರಸಂಸ್ಥೆಗಳ ಕಾಯ್ದೆಯು ಹೊಸ ಬೀದಿ ಮಾಡುವ, ಇದ್ದುದನ್ನು ಅಗಲಗೊಳಿಸುವ, ತಿರುಗಿಸುವ, ಮುಚ್ಚುವ ಅಧಿಕಾರಗಳನ್ನು ಪೌರಸಂಸ್ಥೆಗೆ ಕೊಟ್ಟಿತು. ಬೀದಿಯ ಕ್ರಮಬದ್ಧ ರೇಖೆಯಿಂದ ಮುಂದೆ ಚಾಚಿದ ಕಟ್ಟಡವನ್ನು ಹಿಂದೆ ಸರಿಸಿದಾಗ ಬೀದಿಗೆ ಸೇರಿದ ನೆಲಕ್ಕೆ ಹಣ ಕೊಡುವ ಏರ್ಪಾಡೂ ಅದರಲ್ಲಿತ್ತು. ಇದರೊಂದಿಗೆ, ಹೊಸದಾಗಿ ಮನೆ ಕಟ್ಟುವವನು ತಳಪಾಯ ಮತ್ತು ಕೆಳಗಿನ ನೆಲದ ಮಟ್ಟವನ್ನು ನಕ್ಷೆಯಲ್ಲಿ ತೋರಿಸಬೇಕಾಗಿತ್ತು. ಮನೆಯ ಮಟ್ಟದ ಲೆಕ್ಕ ಹೀಗೆ ಪೌರಸಂಸ್ಥೆಯ ಕಡತಕ್ಕೆ ಸೇರಿತು. ಆದರೆ ಬೀದಿಯ ಮಟ್ಟವನ್ನು ಏರಿಸುವಾಗ ಇಕ್ಕೆಲದ ಮನೆಗಳವರಿಗೆ ಅದೇ ಬಗೆಯ ಲೆಕ್ಕ ಕೊಡುವ ಕರ್ತವ್ಯ ಅಷ್ಟೇ ಸ್ಪಷ್ಟವಾಗಿ ರೂಪುಗೊಳ್ಳಲಿಲ್ಲ. ಮನೆಯೊಡೆಯ ಒಪ್ಪಿಗೆ ಪಡೆದು ನಿಗದಿಪಡಿಸಿದ ಮಟ್ಟವನ್ನು ರಸ್ತೆಯವರು ಒಪ್ಪಿಗೆಯಿಲ್ಲದೆ ನಿರರ್ಥಕಗೊಳಿಸಬಹುದಾದ ಸ್ಥಿತಿ ಅಲ್ಲಿಂದ ಮುಂದುವರಿಯಿತು.

ಕೆಡಿಸಿದ್ದಕ್ಕೆ ಬೆಲೆಯುಂಟೆ?

ಈ ಕೊರತೆಯ ಬೇರು ಆ ಕಾಲದ ನ್ಯಾಯಾಲಯಗಳು ಆಧಾರವಾಗಿಟ್ಟುಕೊಂಡಿದ್ದ ಆಂಗ್ಲ ನ್ಯಾಯತತ್ತ್ವದಲ್ಲಿದೆ. 1792ರಲ್ಲಿ ಇಂಗ್ಲೆಂಡಿನಲ್ಲಿ ಬೀದಿಗೆ ಕಲ್ಲು ಹಾಸುವ ಅಧಿಕಾರಿಗಳು ನೆಲಮಟ್ಟವನ್ನು ಏರಿಸಿದ್ದರಿಂದ ಒಂದು ಗಾಜಿನ ಕಾರ್ಖಾನೆಯ ಉಗ್ರಾಣಕ್ಕೆ ಗಾಡಿ ಹೋಗುವ ದಾರಿಗೆ ಅಡ್ಡಿಯಾಯಿತು. ಶಾಸನದತ್ತ ಅಧಿಕಾರವನ್ನು ಮೀರದೆ ಮಾಡಿದ ಕೆಲಸಕ್ಕೆ ದಾವೆ ಸಲ್ಲದೆಂದು ನ್ಯಾಯಾಲಯ ತೀರ್ಮಾನಿಸಿತು. 1823ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಬೀದಿಯನ್ನು ತಗ್ಗಿಸಿದಾಗ ಮನೆಯೊಂದರ ತಳಪಾಯ ಬಯಲಾಯಿತು. ನೆಲವನ್ನೇನೂ ತೆಗೆದುಕೊಂಡಿಲ್ಲವೆಂಬ ಕಾರಣಕ್ಕೆ ಅಲ್ಲಿಯೂ ಮನೆಯೊಡೆಯನಿಗೆ ಏನೂ ದೊರೆಯಲಿಲ್ಲ. 1867ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯು ದಾರಿಗೆ ಅಡ್ಡಿಯಾಗಿ ಗಿರಾಕಿಗಳು ತಪ್ಪಿದ ವ್ಯಾಪಾರದ ನಷ್ಟಕ್ಕೆ ಹಣ ಕೇಳಲಾಗದೆಂದು ಹೇಳಿತು. ಹೆದ್ದಾರಿ ಊರಾಚೆಗೆ ಸರಿದಾಗ ನಿಪ್ಪಾಣಿಯ ಹಳೆಯ ಪುಣೆ–ಬೆಂಗಳೂರು ರಸ್ತೆಯ ಅಂಗಡಿಯವನಂಥವರಿಗೂ ಅನ್ವಯವಾಗುವ ನ್ಯಾಯವಿದು.

ಇದೇ ತತ್ತ್ವ ಎಲ್ಲೆಡೆ ಉಳಿಯಲಿಲ್ಲ. ಅಮೆರಿಕದ ಇಲಿನಾಯ್ ರಾಜ್ಯವು 1870ರ ತನ್ನ ಸಂವಿಧಾನದಲ್ಲಿ ಸಾರ್ವಜನಿಕ ಉಪಯೋಗಕ್ಕಾಗಿ ‘ತೆಗೆದುಕೊಂಡ’ ಆಸ್ತಿಯ ಜೊತೆಗೆ ‘ಕೆಡಿಸಿದ’ ಆಸ್ತಿಗೂ ನ್ಯಾಯವಾದ ಬೆಲೆ ಕೊಡಬೇಕೆಂದು ಸೇರಿಸಿತು. ಬೆಳೆಯುತ್ತಿದ್ದ ನಗರಗಳಲ್ಲಿ ಬೀದಿಯ ಮಟ್ಟ ಬದಲಾದಾಗ ಮನೆಗಳು ಅನುಭವಿಸಿದ ತೊಂದರೆ ಇದರ ಹಿನ್ನೆಲೆಯಲ್ಲಿತ್ತು. ಅನಂತರ ಇತರ ಹಲವು ರಾಜ್ಯಗಳು ಆ ಒಂದು ಪದವನ್ನು ಅನುಸರಿಸಿದವು.

ಭಾರತದಲ್ಲಿ 1894ರ ಭೂಸ್ವಾಧೀನ ಕಾಯ್ದೆಯ 23ನೆಯ ಕಲಮು ಈ ದಿಕ್ಕಿನಲ್ಲಿ ಅರ್ಧದಾರಿ ನಡೆಯಿತು. ಹೊಲವನ್ನು ತುಂಡರಿಸಿದ್ದರಿಂದ ಆಗುವ ನಷ್ಟವನ್ನೂ, ಸ್ವಾಧೀನದಿಂದ ಉಳಿದ ಆಸ್ತಿಗೆ ತಗಲುವ ಬಾಧೆಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತು. ಆದರೆ ಈ ಲೆಕ್ಕ ಆರಂಭವಾಗಬೇಕಾದರೆ ಎಷ್ಟಾದರೂ ನೆಲ ಸ್ವಾಧೀನಗೊಂಡಿರಬೇಕು. ಒಂದು ಗುಂಟೆ ಕಳೆದುಕೊಂಡ ರೈತ ಉಳಿದ ಹೊಲದ ಬಾಧೆಯನ್ನೂ ಕೇಳಬಹುದು. ಏನನ್ನೂ ಕಳೆದುಕೊಳ್ಳದೆ ಪೂರ್ತಿ ಹೊಲಕ್ಕೆ ನೀರು ನಿಲ್ಲಿಸಿಕೊಂಡ ನೆರೆಯವನಿಗೆ ಆ ಬಾಗಿಲು ತೆರೆಯದು.

ಅಂಥವನಿಗೆ ಉಳಿದದ್ದು ನಿರ್ಲಕ್ಷ್ಯದ ದಾವೆಯ ಹಾದಿ. ಇದನ್ನು ಮುಂಬಯಿ ಪ್ರಾಂತಕ್ಕೆ ಸ್ಪಷ್ಟಪಡಿಸಿದ್ದು ಬರೋಡೆಯ ಗಾಯಕವಾಡ ಸರ್ಕಾರದ ರೈಲುದಾರಿಯನ್ನು ಕುರಿತು ಪ್ರಿವಿ ಕೌನ್ಸಿಲ್ 1903ರಲ್ಲಿ ಕೊಟ್ಟ ತೀರ್ಪು. ಹಳಿಯ ಏರಿಯಲ್ಲಿ ನೀರು ಹಾಯಲು ಸಾಕಷ್ಟು ಗಂಡಿಗಳನ್ನು ಬಿಡದಿದ್ದರಿಂದ ಪಕ್ಕದ ಜಮೀನು ಜಲಾವೃತವಾಗಿತ್ತು. ಕಾಯ್ದೆ ಕೊಟ್ಟ ಅಧಿಕಾರವನ್ನು ನಿರ್ಲಕ್ಷ್ಯದಿಂದ ಚಲಾಯಿಸಿದರೆ ಆ ಕಾಯ್ದೆ ರಕ್ಷಣೆಯಾಗದು ಎಂಬುದು ತೀರ್ಪಿನ ತಿರುಳು. ನದಿಬಯಲಿನ ರೈತನಿಗೆ ಇದಕ್ಕಿಂತ ಹತ್ತಿರದ ನ್ಯಾಯತತ್ತ್ವ ಇನ್ನೊ೦ದಿಲ್ಲ. ಆದರೆ ನಿರ್ಲಕ್ಷ್ಯವನ್ನು ಸಿದ್ಧಪಡಿಸುವ ಭಾರ ದಾವೆ ಹೂಡಿದವನ ಮೇಲೆಯೇ ಬೀಳುತ್ತದೆ. ಪೌರಸಂಸ್ಥೆಯ ಮೇಲಿನ ದಾವೆಗೆ ಮುನ್ನ ಲಿಖಿತ ತಿಳಿವಳಿಕೆ ಕೊಡಬೇಕು, ಕಿರಿದಾದ ಕಾಲಮಿತಿಯೊಳಗೆ ನ್ಯಾಯಾಲಯಕ್ಕೆ ಹೋಗಬೇಕು. ಮಳೆಗಾಲದಲ್ಲಿ ಬಿದ್ದ ಗೋಡೆಯನ್ನು ಎತ್ತಿ ನಿಲ್ಲಿಸುವಷ್ಟರಲ್ಲಿಯೇ ಆ ಅವಧಿ ಮುಗಿಯುವುದುಂಟು.

ರಾಜ್ಯ ಪುನರ್ವಿಂಗಡಣೆಯ ನಂತರ

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿ ಕಾಯ್ದೆಗಳು ಕೆಲಕಾಲ ಮುಂದುವರಿದವು. 1964ರ ಪೌರಸಂಸ್ಥೆಗಳ ಕಾಯ್ದೆ ಬಂದ ಮೇಲೆ ರಾಜ್ಯದ ಪಟ್ಟಣಗಳೆಲ್ಲ ಒಂದೇ ವ್ಯವಸ್ಥೆಗೆ ಒಳಪಟ್ಟವು. ಬೀದಿಯನ್ನು ಕುರಿತ ಅಧಿಕಾರಗಳ ಚೌಕಟ್ಟು ಬಹುಪಾಲು ಹಿಂದಿನದೇ ಆಗಿತ್ತು. ಆಸ್ತಿಯ ಹಕ್ಕು 1979ರ ಜೂನ್ 20ರಿಂದ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದು 300ಎ ವಿಧಿಯ ಅಡಿಯ ಸಂವಿಧಾನಾತ್ಮಕ ಹಕ್ಕಾಯಿತು. 1894ರ ಕಾಯ್ದೆಯ ಸ್ಥಾನದಲ್ಲಿ 2013ರ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂದಿತು. ಅದು ಬೆಲೆಯನ್ನು ಹೆಚ್ಚಿಸಿತು, ಪುನರ್ವಸತಿಯನ್ನು ಸೇರಿಸಿತು. ಆದರೂ ಉಳಿದ ಆಸ್ತಿಗೆ ತಗಲುವ ಬಾಧೆಯನ್ನು ಸ್ವಾಧೀನದ ಬಾಲವಾಗಿಯೇ ಉಳಿಸಿಕೊಂಡಿತು. ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯಲ್ಲಿಯೂ ಕ್ರಮ ಇದೇ ಆಗಿದೆ.

ಹೊಣೆಯ ಪ್ರಶ್ನೆಯನ್ನು ಇನ್ನಷ್ಟು ತೊಡಕಾಗಿಸಿದ್ದು ರಸ್ತೆಗಳ ಒಡೆತನದ ಹಂಚಿಕೆ. ಓಣಿ ಪೌರಸಂಸ್ಥೆಯದು ಅಥವಾ ಗ್ರಾಮ ಪಂಚಾಯತಿಯದು, ತಾಲ್ಲೂಕನ್ನು ಕೂಡಿಸುವ ರಸ್ತೆ ಲೋಕೋಪಯೋಗಿ ಇಲಾಖೆಯದು ಅಥವಾ ಜಿಲ್ಲಾ ಪಂಚಾಯತಿಯದು, ಹೆದ್ದಾರಿ ಕೇಂದ್ರದ್ದು. ವಿಜಯಪುರದಿಂದ ಅಥಣಿ, ಚಿಕ್ಕೋಡಿ ಮಾರ್ಗವಾಗಿ ಸಂಕೇಶ್ವರಕ್ಕೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿಯಾದಂತೆ, ಒಂದೇ ರಸ್ತೆ ಕಾಲಾಂತರದಲ್ಲಿ ಒಡೆಯನನ್ನು ಬದಲಿಸುವುದೂ ಉಂಟು. ರಸ್ತೆಯನ್ನು ಏರಿಸಿದವರೊಬ್ಬರು, ಚರಂಡಿ ನೋಡಿಕೊಳ್ಳಬೇಕಾದವರು ಇನ್ನೊಬ್ಬರು. ಮನೆಯೊಳಗೆ ನೀರು ಬಂದವನು ಇಬ್ಬರ ಬಾಗಿಲಿಗೂ ಅಲೆಯಬೇಕಾಗುತ್ತದೆ. ಹಣದ ಕೊರತೆಯನ್ನು ಮುಂದೊಡ್ಡಿ ಪೌರಸಂಸ್ಥೆ ಚರಂಡಿಯ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲವೆಂದು ಮಧ್ಯಪ್ರದೇಶದ ರತ್ಲಾಮ್ ಪೌರಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1980ರಲ್ಲಿಯೇ ಹೇಳಿರುವುದು ಇಂಥವರಿಗೆ ಒಂದು ಆಧಾರ.

ನದಿಯ ಸಾಮೀಪ್ಯ ಈ ಸೀಮೆಯಲ್ಲಿ ಸಮಸ್ಯೆಯನ್ನು ತೀವ್ರಗೊಳಿಸಿದೆ. 2005, 2019 ಮತ್ತು 2021ರ ಪ್ರವಾಹಗಳಲ್ಲಿ ಕೃಷ್ಣಾ ತೀರದ ಊರುಗಳು ಮುಳುಗಿದವು. 2019 ಮತ್ತು 2021ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯ ಬಳಿ ವೇದಗಂಗೆಯ ನೀರು ಹೆದ್ದಾರಿಯನ್ನೇ ಆವರಿಸಿ ಸಂಚಾರ ನಿಂತಿತು. ಪ್ರವಾಹ ಬಂದಾಗಲೆಲ್ಲ ರಸ್ತೆ, ಸೇತುವೆಗಳನ್ನು ಎತ್ತರಿಸಬೇಕೆಂಬ ಬೇಡಿಕೆ ಏಳುವುದು ಸಹಜ, ಅದು ನ್ಯಾಯವೂ ಹೌದು. ಆದರೆ ಏರಿಸಿದ ರಸ್ತೆ ಬಯಲಿನಲ್ಲಿ ಒಡ್ಡಿನಂತೆ ವರ್ತಿಸುತ್ತದೆ. ನೀರಿಗೆ ಬೇಕಾದಷ್ಟು ಗಂಡಿಗಳಿಲ್ಲದಿದ್ದರೆ ಒಂದು ಬದಿಯ ಊರಿಗೆ ದೊರೆತ ರಕ್ಷಣೆ ಇನ್ನೊಂದು ಬದಿಯ ಹೊಲಕ್ಕೆ ಬಾಧೆಯಾಗುತ್ತದೆ. ಸ್ಮೃತಿಕಾರರು ಒಡ್ಡಿಗೆ ಹೇಳಿದ ಮಾತು ಇಲ್ಲಿ ಮತ್ತೆ ಪ್ರಸ್ತುತವಾಗುತ್ತದೆ.

ಈ ಸಂದರ್ಭದಲ್ಲಿ ಒಂದು ಶಬ್ದವನ್ನು ಕುರಿತು ಹೇಳುವುದು ಅಗತ್ಯ. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ‘ಪರಿಹಾರ’ ಪ್ರಕಟಿಸಿತು. ಭೂಸ್ವಾಧೀನದಲ್ಲಿ ಕೊಡುವ ಹಣವೂ ಕನ್ನಡದಲ್ಲಿ ‘ಪರಿಹಾರ’ವೇ. ಒಂದು ಸಂಕಟಕ್ಕೆ ನೀಡುವ ನೆರವು, ಇನ್ನೊಂದು ಸಲ್ಲಬೇಕಾದ ಬಾಕಿ. ಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ ಎಂದರೆ ದತ್ತಿಭೂಮಿಗೆ ಯಾವ ತೆರಿಗೆಯ ತೊಡಕೂ ಇಲ್ಲವೆಂದು ದೊರೆ ದಯಪಾಲಿಸುವ ವಿನಾಯಿತಿ. ದಯೆಯ ಆ ಛಾಯೆ ಈ ಪದದಲ್ಲಿ ಇನ್ನೂ ಉಳಿದಿದೆ. ಗಡಿಭಾಗದವರ ಬಾಯಲ್ಲಿ ಮರಾಠಿಯಿಂದ ಬಂದ ‘ನುಕಸಾನ ಭರಪಾಯಿ’ ಎಂಬ ಮಾತಿದೆ. ಅದರ ಅರ್ಥ ನಷ್ಟವನ್ನು ತುಂಬಿಕೊಡುವುದು. ಹೊಣೆಯ ಅರ್ಥ ಅದರಲ್ಲಿ ಹೆಚ್ಚು ನಿಚ್ಚಳ. ಹಾನಿ ಹೊಂದಿದವನು ಅರ್ಜಿಯಲ್ಲಿ ಯಾವುದನ್ನು ಕೇಳುತ್ತಿದ್ದಾನೆ, ಕಚೇರಿ ಯಾವುದನ್ನು ಕೊಡುತ್ತಿದೆ ಎಂಬ ಗೊಂದಲಕ್ಕೆ ಒಂದೇ ಪದದ ಈ ಎರಡು ಅರ್ಥಗಳೂ ಕಾರಣವಾಗಿರಬಹುದು.

ಇತ್ತೀಚಿನ ತೀರ್ಪುಗಳ ಬೆಳಕಿನಲ್ಲಿ

ಕಳೆದ ಕೆಲವು ವರ್ಷಗಳಲ್ಲಿ ಜಾಗ ಹೋದವರ ಪರವಾದ ನ್ಯಾಯ ಗಟ್ಟಿಗೊಂಡಿದೆ. ಹಿಮಾಚಲ ಪ್ರದೇಶದ ಹಮೀರ್‌ಪುರ ಜಿಲ್ಲೆಯಲ್ಲಿ 1967–68ರಲ್ಲಿ ಯಾವುದೇ ಸ್ವಾಧೀನ ಪ್ರಕ್ರಿಯೆ ನಡೆಸದೆ ವಿಧವೆಯೊಬ್ಬರ ಜಮೀನಿನಲ್ಲಿ ರಸ್ತೆ ಮಾಡಲಾಗಿತ್ತು. ಅಕ್ಷರ ಬಾರದ ಆಕೆ ದಶಕಗಳ ನಂತರ ನ್ಯಾಯಾಲಯಕ್ಕೆ ಹೋದಾಗ, ತಡವಾಯಿತೆಂಬ ಸರ್ಕಾರದ ವಾದವನ್ನು ಸರ್ವೋಚ್ಚ ನ್ಯಾಯಾಲಯ 2020ರ ಜನವರಿಯಲ್ಲಿ ತಳ್ಳಿಹಾಕಿ ಪರಿಹಾರ ಕೊಡಿಸಿತು. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗಾಗಿ 2003ರಲ್ಲಿ ಅಧಿಸೂಚನೆ ಹೊರಡಿಸಿ, ಭೂಮಿಯನ್ನು ವಶಕ್ಕೆ ಪಡೆದೂ ಹಣ ಕೊಡದಿದ್ದ ಪ್ರಕರಣದಲ್ಲಿ, 2019ರ ಮಾರುಕಟ್ಟೆ ಬೆಲೆಯ ಆಧಾರದ ಮೇಲೆ ಪರಿಹಾರ ನಿಗದಿಪಡಿಸಬೇಕೆಂದು ಅದೇ ನ್ಯಾಯಾಲಯ 2025ರ ಜನವರಿ 2ರಂದು ಆದೇಶಿಸಿತು.

ಸ್ಥಳೀಯ ಸಂಸ್ಥೆಯ ಹೊಣೆಯನ್ನು ಎದ್ದು ತೋರಿಸಿದ ಪ್ರಸಂಗ ಬೆಳಗಾವಿ ನಗರದಲ್ಲಿಯೇ ನಡೆಯಿತು. ಶಹಾಪುರ ಭಾಗದಿಂದ ಹಳೆಯ ಪಿ.ಬಿ. ರಸ್ತೆಯನ್ನು ಕೂಡಿಸುವ ರಸ್ತೆಯನ್ನು ಸ್ಮಾರ್ಟ್ ಸಿಟಿ ಯೋಜನೆಯ ಕಾಲದಲ್ಲಿ ನಿರ್ಮಿಸುವಾಗ ಖಾಸಗಿ ಜಮೀನೊಂದನ್ನು ವಿಧಿವತ್ತಾಗಿ ಸ್ವಾಧೀನಪಡಿಸಿಕೊಂಡಿರಲಿಲ್ಲ. ಪ್ರಕರಣ ಧಾರವಾಡದ ಉಚ್ಚ ನ್ಯಾಯಾಲಯ ಪೀಠದ ಮುಂದೆ ಬಂದು, ಮಹಾನಗರ ಪಾಲಿಕೆ ಸುಮಾರು 20 ಕೋಟಿ ರೂಪಾಯಿಯ ಹೊರೆಯನ್ನು ಎದುರಿಸಬೇಕಾಯಿತು. 2024ರಲ್ಲಿ ಪಾಲಿಕೆ ಆ ಜಾಗವನ್ನು ಒಡೆಯನಿಗೆ ಹಿಂದಿರುಗಿಸುವ ದಾರಿ ಹಿಡಿಯಿತು. ಸಾರ್ವಜನಿಕ ಹಣದಿಂದ ಮಾಡಿದ ರಸ್ತೆ ಮರಳಿ ಖಾಸಗಿ ನೆಲವಾಯಿತು. ಮೊದಲೇ ತಿಳಿಸಿ, ಅಳೆದು, ಬೆಲೆ ಕೊಡುವ ಕ್ರಮವನ್ನು ಬಿಟ್ಟರೆ ಒಡೆಯನಷ್ಟೇ ಊರೂ ನಷ್ಟ ಅನುಭವಿಸುತ್ತದೆ ಎಂಬುದಕ್ಕೆ ಇದು ಜಿಲ್ಲೆಯೊಳಗಿನ ನಿದರ್ಶನ.

2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ಉತ್ತರ ಪ್ರದೇಶದ ಮಹಾರಾಜಗಂಜ್‌ನ ಪ್ರಕರಣದಲ್ಲಿ ಕೊಟ್ಟ ಆದೇಶ ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ. ಹೆದ್ದಾರಿಯನ್ನು ಅಗಲಗೊಳಿಸುವಾಗ 2019ರಲ್ಲಿ ಸರಿಯಾದ ತಿಳಿವಳಿಕೆ ಕೊಡದೆ ಮನೆಯನ್ನು ಕೆಡವಿದ್ದಕ್ಕೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರವನ್ನು ಅದು ವಿಧಿಸಿತು. ಜೊತೆಗೆ ರಸ್ತೆ ಅಗಲೀಕರಣದ ಕ್ರಮವನ್ನು ಹೀಗೆ ನಿಗದಿಪಡಿಸಿತು: ದಾಖಲೆ ಮತ್ತು ನಕ್ಷೆಗಳಿಂದ ರಸ್ತೆಯ ಇರುವ ಅಗಲವನ್ನು ಮೊದಲು ಗೊತ್ತುಮಾಡಬೇಕು, ಒತ್ತುವರಿಯಿದೆಯೇ ಎಂದು ಅಳೆಯಬೇಕು, ಇದ್ದರೆ ಲಿಖಿತ ತಿಳಿವಳಿಕೆ ಕೊಡಬೇಕು, ತಕರಾರು ಬಂದರೆ ಕಾರಣಸಹಿತ ತೀರ್ಮಾನಿಸಬೇಕು, ಇರುವ ಜಾಗ ಸಾಲದಿದ್ದರೆ ಕಾನೂನಿನಂತೆ ಸ್ವಾಧೀನಪಡಿಸಿಕೊಳ್ಳಬೇಕು. ಒಡೆಯನಿಗೆ ತಿಳಿಸಬೇಕೆಂಬ ಹಳೆಯ ನಿಯಮಕ್ಕೆ ಇಲ್ಲಿ ಹೊಸ ಬಲ ದೊರೆತಿದೆ. ಮನೆಮುಂದಿನ ಕಟ್ಟೆ ಒತ್ತುವರಿಯೋ ಅಲ್ಲವೋ ಎಂಬುದನ್ನು ಜೆ.ಸಿ.ಬಿ. ಯಂತ್ರ ತೀರ್ಮಾನಿಸದೆ ದಾಖಲೆ ತೀರ್ಮಾನಿಸಬೇಕು ಎಂಬುದು ಇದರ ತಾತ್ಪರ್ಯ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಚಿಕ್ಕೋಡಿ ಸೀಮೆಯ ರೂಢಿಯಲ್ಲಿ ಬೀದಿ ಮತ್ತು ಮನೆ ಒಂದನ್ನೊಂದು ಸಹಿಸಿಕೊಂಡು ಬದುಕಿದ್ದವು. ಧರ್ಮಶಾಸ್ತ್ರವು ಬಾಧೆಯನ್ನು ತೂಗಿ, ತಿಳಿಸಿ, ಅನಂತರ ಕಟ್ಟುವ ಕ್ರಮವನ್ನು ಸೂಚಿಸಿತ್ತು. ಬ್ರಿಟಿಷ್ ಕಾಲದ ಕಾನೂನು ಅಳತೆ, ನಕ್ಷೆ, ಬೆಲೆಗಳ ನಿಖರತೆಯನ್ನು ತಂದಿತು. ಆದರೆ ಬಾಧೆಯ ಸ್ಥಾನದಲ್ಲಿ ಸ್ವಾಧೀನವನ್ನು ಅಳತೆಗೋಲಾಗಿ ಇರಿಸಿತು. ಸ್ವಾತಂತ್ರ್ಯಾನಂತರದ ಕಾಯ್ದೆಗಳೂ ಈಚಿನ ತೀರ್ಪುಗಳೂ ಆ ಅಳತೆಗೋಲನ್ನು ಉದಾರಗೊಳಿಸಿವೆಯೇ ಹೊರತು ಬದಲಿಸಿಲ್ಲ. ಅದರ ಫಲವಾಗಿ ಗೋಡೆ ಕಳೆದುಕೊಂಡವನಿಗೆ ಇಂದು ದಾರಿಯಿದೆ. ಗೋಡೆ ನಿಂತೇ ಹಸಿಯಾದವನಿಗೆ ನಿರ್ಲಕ್ಷ್ಯವನ್ನು ಸಾಧಿಸುವ ದೀರ್ಘ ದಾವೆಯೊಂದೇ ಉಳಿದಿದೆ. ಅಂತಹ ದಾವೆಯನ್ನು ನಡೆಸಬಲ್ಲವರು ಆ ಓಣಿಗಳಲ್ಲಿ ಎಷ್ಟು ಜನ ಎಂಬುದನ್ನು ಯೋಚಿಸಬೇಕು.

ಇದಕ್ಕೆ ದೊಡ್ಡ ಕಾಯ್ದೆಯನ್ನೇ ಕಾಯಬೇಕಾಗಿಲ್ಲ. ಕಾಮಗಾರಿ ಆರಂಭವಾಗುವ ಮೊದಲು ಇಕ್ಕೆಲದ ಮನೆಗಳ ಹೊಸ್ತಿಲಿನ ಎತ್ತರ, ಚರಂಡಿಯ ಇಳಿಜಾರು, ಹೊಲದ ನೀರು ಹಾಯುವ ಜಾಗಗಳನ್ನು ಅಳೆದು ದಾಖಲಿಸುವುದು, ಆ ದಾಖಲೆಯನ್ನು ವಾರ್ಡ್ ಸಭೆ ಅಥವಾ ಗ್ರಾಮಸಭೆಯ ಮುಂದಿಡುವುದು, ಹಳೆಯ ಪದರವನ್ನು ಕೆರೆದು ತೆಗೆದು ಹೊಸ ಪದರವನ್ನು ಹಾಕುವುದು ಸ್ಥಳೀಯ ಸಂಸ್ಥೆಗಳ ಶಕ್ತಿಯನ್ನು ಮೀರಿದ ಕೆಲಸಗಳಲ್ಲ. ಹಾನಿಯಾದರೆ ಅದನ್ನು ಸಾಧಿಸಲು ಹಾನಿಗೊಳಗಾದವನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ. ಹಾನಿಯಾಗದಿದ್ದರೆ ಸುಳ್ಳು ತಕರಾರಿನಿಂದ ಸಂಸ್ಥೆಗೂ ರಕ್ಷಣೆ ದೊರೆಯುತ್ತದೆ.

ಕನ್ನಡದಲ್ಲಿ ಬದುಕು ಹಾಳಾದವನನ್ನು ‘ಬೀದಿಪಾಲಾದ’ ಎನ್ನುತ್ತಾರೆ. ಮನೆಯ ರಕ್ಷಣೆ ಮುಗಿದು ಬೀದಿಯ ಅನಾಥತೆ ಆರಂಭವಾಗುವ ಗೆರೆಯಾಗಿ ಹೊಸ್ತಿಲನ್ನು ಗುರುತಿಸಿದ ಸಮಾಜದ ಮಾತು ಇದು. ಮನೆಯವನು ಹೊಸ್ತಿಲು ದಾಟಿ ಬೀದಿಗೆ ಬೀಳದಿದ್ದರೂ, ಬೀದಿಯೇ ಏರಿ ಬಂದು ಹೊಸ್ತಿಲನ್ನು ದಾಟುತ್ತಿರುವ ಕಾಲದಲ್ಲಿ, ಆ ಗೆರೆಯ ಎತ್ತರವನ್ನು ಅಳೆದು ಬರೆದಿಡುವ ಹೊಣೆ ಬೀದಿಯನ್ನು ಕಟ್ಟುವವರದೇ ಆಗಿದೆ.